ಮಿಕ್ಸಿಗೊಂದು ಅಳುಹಾಡು

ನಮ್ಮ ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳು ನಿಮ್ಮ ಮುಖವನ್ನೇ ಒಂದು ಗಳಿಗೆ ನೋಡಿ, ತಲೆ ಓರೆ ಮಾಡಿ, "ಆಂಟಿ, ನಿಮ್ಮ ಮೇಲೊಂದು ಹಾಡು ಬರೀಲಾ?" ಎಂದು ಕೇಳಿದರೆ ದಯವಿಟ್ಟು ಬೇಡ ಎಂದುಬಿಡಿ. ಸಂಕೋಚ ಬೇಡ, ನಾನೇನೂ ಅಂದುಕೊಳ್ಳುವುದಿಲ್ಲ. ಹಾಡು ಚೆನ್ನಾಗಿರುವುದಿಲ್ಲ ಎಂದಲ್ಲ, ಬಹಳ ಚೆನ್ನಾಗಿರುತ್ತದೆ. ತೊಂದರೆ ಏನೆಂದರೆ, ಅವಳು ಯಾವುದರ ಮೇಲೆ ಹಾಡು ಕಟ್ಟುತ್ತಾಳೋ ಅದು ಆಮೇಲೆ ಹೆಚ್ಚು ದಿನ ಬಾಳುವುದಿಲ್ಲ!

ನಗಬೇಡಿ. ನಾನು ಕಾನ್ವೆಂಟಿನಲ್ಲಿ ಓದಿದವಳು. ಮೂಢನಂಬಿಕೆ ಪಾಪವೆಂದು ಸಿಸ್ಟರುಗಳು ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಸಲ ಬರೆಸಿದ್ದಾರೆ. ಬೆಕ್ಕು ಅಡ್ಡ ಬಂದರೆ ಅದಕ್ಕೆ ದಾರಿ ಬಿಟ್ಟು ನನ್ನ ಪಾಡಿಗೆ ನಾನು ಹೋಗುತ್ತೇನೆ. ಆದರೆ ನಮ್ಮ ಮಿಕ್ಸಿಗೆ ಏನಾಯಿತು ಎಂದು ಕೇಳಿಸಿಕೊಂಡ ಮೇಲೆ ನೀವೇ ಹೇಳಿ.

ಮೊದಲು ಈ ಹುಡುಗಿ ಯಾರೆಂದು ಹೇಳಿಬಿಡುತ್ತೇನೆ. ನಮ್ಮ ನಾದಿನಿಯ ಮಗಳು. ಇಪ್ಪತ್ತನಾಲ್ಕು ವರ್ಷ. ಜಾನಪದದ ಧಾಟಿಯಲ್ಲಿ ತಾನೇ ಹಾಡು ಬರೆದು, ತಾನೇ ರಾಗ ಹಾಕಿ, ತಾನೇ ಹಾಡುತ್ತಾಳೆ. ಸಣ್ಣ ಸಣ್ಣ ಸಭೆಗಳಲ್ಲಿ ಕರೆಸುತ್ತಾರೆ, ಫೋನಿನಲ್ಲಿ ಎಲ್ಲೆಲ್ಲಿಯವರೋ ಕೇಳುತ್ತಾರೆ. ಕೈಯಲ್ಲಿ ಏಕತಾರಿ, ಹೆಗಲಲ್ಲಿ ಗಿಟಾರು, ಕಾಲಲ್ಲಿ ಮಾತ್ರ ಎರಡು ಬೇರೆ ಬೇರೆ ಚಪ್ಪಲಿ. ಅವಳ ಅಪ್ಪನದು ಊರೂರಿಗೆ ವರ್ಗವಾಗುವ ಕೆಲಸ. ಹಾಗಾಗಿ ಮೂರು ವರ್ಷದಿಂದ ಚಂದ್ರಾ ಲೇಔಟಿನ ನಮ್ಮ ಮನೆಯ ಮಹಡಿ ಕೋಣೆ ಅವಳದು.

ಅವಳ ಅಮ್ಮ, ಅಂದರೆ ನಮ್ಮ ಯಜಮಾನರ ತಂಗಿ, ಎಲ್ಲರೂ ಮುಖ ಮುಚ್ಚಿಕೊಂಡು ಓಡಾಡುತ್ತಿದ್ದ ಆ ಕಾಯಿಲೆಯ ವರ್ಷ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ನೀಲಿ ನಿಲುವಂಗಿಯ ನಾಲ್ಕು ಜನ ಹತ್ತೇ ನಿಮಿಷದಲ್ಲಿ ಎಲ್ಲ ಮುಗಿಸಿದರು. ಹತ್ತಿರ ಹೋಗುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಮಗಳು ದೂರದಲ್ಲಿ, ಸ್ಮಶಾನದ ಗೇಟಿನ ಹೊರಗೆ ನಿಂತು ನೋಡಿದಳಂತೆ. ಆವತ್ತು ಅವಳು ಅಳಲಿಲ್ಲ, ಮಾರನೆಯ ದಿನವೂ ಅಳಲಿಲ್ಲ, ಇಲ್ಲಿಗೆ ಬಂದ ಮೇಲೂ ಅಳಲಿಲ್ಲ. ತಲೆದಿಂಬಿನ ಕವರು ಒಗೆಯುವವಳು ನಾನು, ನನಗೆ ಗೊತ್ತಾಗುತ್ತದೆ. ನಮ್ಮ ಅತ್ತೆಗೆ ಎಂಬತ್ತಾರು ವರ್ಷ. ಮಗಳನ್ನು ಕಳೆದುಕೊಂಡ ದುಃಖದ ಮೇಲೆ ಅವರಿಗೆ ಇದೊಂದು ಕೊರಗು. "ಅಳದೇ ಇರೋ ಮಗು ಒಳಗೇ ಕೊಳ್ತುಹೋಗತ್ತೆ ಕಣಮ್ಮ," ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ.

ಅಂಥ ಹುಡುಗಿ ಹಾಡಲು ಆರಿಸಿಕೊಂಡಿದ್ದೇನು? ಅಳುಹಾಡು! ಹಳ್ಳಿಗಳಲ್ಲಿ ಸತ್ತವರ ತಲೆದೆಸೆಯಲ್ಲಿ ಕೂತು ಹೆಂಗಸರು ಅವರ ಗುಣ, ನಡೆ, ಮಾಡಿದ್ದು, ಬಿಟ್ಟಿದ್ದು ಎಲ್ಲವನ್ನೂ ಕರೆದು ಕರೆದು ಹಾಡಿನ ಹಾಗೆ ಅಳುತ್ತಾರಲ್ಲ, ಅದು. ಹೇರೋಹಳ್ಳಿಯ ಹಳೇ ಮನೆಗಳಿಗೆ, ಕೆಂಗೇರಿಯ ಆಚೆಗೆ, ಎಲ್ಲೆಲ್ಲಿ ಎಲೆಅಡಿಕೆ ಹಾಕುವ ಮುದುಕಿಯರು ಉಳಿದಿದ್ದಾರೋ ಅಲ್ಲಿಗೆಲ್ಲ ಬಸ್ಸು ಹತ್ತಿ ಹೋಗಿ, "ಅಜ್ಜಿ, ನಿಮ್ಮ ಯಜಮಾನ್ರು ಹೋದಾಗ ಏನಂತ ಅತ್ರಿ?" ಎಂದು ಕೇಳಿಕೊಂಡು ಬರುತ್ತಾಳೆ. ಯಾರಾದರೂ ಕೇಳುವ ಪ್ರಶ್ನೆಯೇ ಇದು? ಆದರೆ ಅವರೆಲ್ಲ ಚಾಪೆ ಹಾಸಿ ಕೂರಿಸಿಕೊಂಡು ಹೇಳುತ್ತಾರಂತೆ.

ಎದುರು ಮನೆಗೆ ಬಿರಿಯಾನಿ ತಂದ ಡೆಲಿವರಿಯವನನ್ನೂ ಅವಳು ಬಿಡಲಿಲ್ಲ. ವಿಜಯಪುರದ ಕಡೆಯವನು. ಗೇಟಿನ ಹತ್ತಿರ ವಿಳಾಸ ಕೇಳಲು ನಿಂತಿದ್ದ.

"ಅಣ್ಣಾ, ನಿಮ್ಮ ಕಡೆ ಸತ್ತೋರಿಗೆ ಹೇಗೆ ಅಳ್ತಾರೆ?"

ಅವನು ಹೆಲ್ಮೆಟ್ ತೆಗೆದ. "ನಮ್ಮ ಆಯಿ ಅಳೂದು ಕೇಳ್ಬೇಕಿತ್ರೀ ಅಕ್ಕಾರ. ಓಣಿ ಮಂದಿ ಎಲ್ಲ ಕೆಲ್ಸ ಬಿಟ್ ಬರ್ತಿದ್ರು," ಎಂದವನೇ ಕಣ್ಣು ಮುಚ್ಚಿ, ಬೆನ್ನಿನ ಮೇಲೆ ಆ ದೊಡ್ಡ ಚೀಲ ಹೊತ್ತುಕೊಂಡೇ ಎರಡು ಸಾಲು ಎಳೆದ. ಉರಿಬಿಸಿಲಿನಲ್ಲಿ ನನ್ನ ಮೈ ಜುಮ್ಮೆಂದಿತು. ಬಿರಿಯಾನಿ ತಣ್ಣಗಾಯಿತು. ಎದುರು ಮನೆಯ ರಿಟೈರ್ಡ್ ಅಂಕಲ್ ಬಾಲ್ಕನಿಯಲ್ಲಿ ತಟ್ಟೆ ಹಿಡಿದು ನಿಂತಿದ್ದರು.

ನನ್ನನ್ನೂ ಕೇಳಿದ್ದಳು. "ಅತ್ತೆ, ನೀವು ಹೇಗೆ ಅಳ್ತೀರ?"

"ನಾನಾ? ಬಾತ್‌ರೂಮಲ್ಲಿ. ನಲ್ಲಿ ಬಿಟ್ಕೊಂಡು."

ಅದನ್ನೂ ಬರೆದುಕೊಂಡಳು! ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ "ನಲ್ಲಿ" ಎಂದಿದೆ.

ಇನ್ನು ಮಿಕ್ಸಿ. ನನ್ನ ಮದುವೆಗೆ ಉಡುಗೊರೆ ಬಂದದ್ದು. ಇಪ್ಪತ್ತೇಳು ವರ್ಷ ಒಂದು ದಿನವೂ ಮುನಿಸಿಕೊಂಡಿರಲಿಲ್ಲ. ಒಂದು ಬೆಳಿಗ್ಗೆ ನಾನು ಚಟ್ನಿ ರುಬ್ಬುತ್ತಿದ್ದೆ. ಇವಳು ಬಂದು ಅಡುಗೆಕಟ್ಟೆಗೆ ಕಿವಿಯಿಟ್ಟು ನಿಂತಳು.

"ಅತ್ತೆ, ಇದು ನರಳ್ತಾ ಇದೆ."

"ಕಾಯಿಚೂರು ದಪ್ಪ ಆಯ್ತು ಕಣೇ, ಅದಕ್ಕೆ."

"ಅಲ್ಲ ಅತ್ತೆ. ಇದು ಹೊರಡೋ ದನಿ."

ಅರ್ಧ ಗಂಟೆಯಲ್ಲಿ ಹಾಡು ತಯಾರು. "ತಿರುಗಿ ತಿರುಗಿ ದಣಿದೆಯಾ ತಾಯಿ, ಯಾರ ಮನೆಯ ಹಸಿವಿಗೆ ನೀ ತಲೆ ಸುತ್ತಿ ನಿಂತೆ" ಎಂದು ಶುರು. ನಾನು ನಗಲು ಹೋದೆ, ನಗು ಅರ್ಧಕ್ಕೇ ನಿಂತಿತು. ಏಕೆಂದರೆ ಅಳುಹಾಡು ಹಾಡುವಾಗ ಅವಳ ದನಿ ಅವಳದಾಗಿರುವುದಿಲ್ಲ. ಯಾರೋ ವಯಸ್ಸಾದ, ಹಲ್ಲು ಬಿದ್ದ, ನಮಗೆ ಪರಿಚಯವಿಲ್ಲದ ಹೆಂಗಸೊಬ್ಬಳು ಆ ಎಳೇ ಗಂಟಲಿನೊಳಗೆ ಬಂದು ಕೂತ ಹಾಗಿರುತ್ತದೆ. ಒಂದು ಸ್ವರಕ್ಕೆ ಬಂದಾಗ ಸ್ಟ್ಯಾಂಡಿನಲ್ಲಿ ಮಗುಚಿಟ್ಟ ಕಂಚಿನ ಲೋಟ ತಾನಾಗಿ ಗುಂಯ್ ಎನ್ನುತ್ತದೆ. ಬೇರೆ ಯಾವ ಪಾತ್ರೆಯೂ ಅಲ್ಲ, ಅದೊಂದೇ. ಅದು ದನಿಯ ಕಂಪನ, ವಿಜ್ಞಾನ ಎಂದು ನಮ್ಮ ಯಜಮಾನರು ವಿವರಿಸಿದರು. ವಿವರಿಸಿದ ಮೇಲೆ ಅವರೂ ಆ ಲೋಟದಲ್ಲಿ ನೀರು ಕುಡಿಯುವುದನ್ನು ಬಿಟ್ಟರು.

ಮುಂದಿನ ಶುಕ್ರವಾರ ಕಾಯಿ ರುಬ್ಬುವಾಗ ಮಿಕ್ಸಿಯಿಂದ ಒಂದು ಎಳೆ ಹೊಗೆ ಎದ್ದಿತು. ರಿಪೇರಿಯವನು ಬಿಚ್ಚಿ ನೋಡಿ, "ಒಳಗೆಲ್ಲಾ ಸುಟ್ಟೋಗಿದೆ ಆಂಟಿ. ಇನ್ನು ಏನೂ ಮಾಡಕ್ಕಾಗಲ್ಲ," ಎಂದ. ಆಸ್ಪತ್ರೆಯ ವರಾಂಡದಲ್ಲಿ ನಿಂತು ಹೇಳಿದಂತೆ ಹೇಳಿದ.

ಹಳೇ ಮಿಕ್ಸಿ, ಹೋಯಿತು, ಬಿಡಿ. ಬೀದಿಯ ಮೂಲೆಯ ಹೊಂಗೆಮರಕ್ಕೆ ಏನು ಹೇಳುತ್ತೀರಿ? ಒಂದು ಭಾನುವಾರ ಅದರ ಬುಡದಲ್ಲಿ ಕೂತು ಅದಕ್ಕೊಂದು ಹಾಡು ಹಾಡಿದಳು. ಎದುರು ಮನೆ ಅಂಕಲ್ ಬಾಲ್ಕನಿಯಿಂದಲೇ "ವೆರಿ ನೈಸ್, ವೆರಿ ನೈಸ್" ಎಂದು ಚಪ್ಪಾಳೆ ತಟ್ಟಿದರು. ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮರ ಸದ್ದಿಲ್ಲದೆ, ಸುಸ್ತಾದವರು ಗೋಡೆಗೆ ಒರಗುವ ಹಾಗೆ, ಅಂಕಲ್ಲಿನ ಕಾರಿಗೆ ಒರಗಿತು. ಸದ್ಯ, ಕಾರಿನಲ್ಲಿ ಯಾರೂ ಇರಲಿಲ್ಲ. ಕೊಂಬೆ ಕಡಿಯಲು ಬಂದವರಲ್ಲಿ ಒಬ್ಬ ಮೇಲೆ ನೋಡಿ, ಕೆಳಗೆ ನೋಡಿ, "ಗಾಳಿಲ್ಲ, ಮಳಿಲ್ಲ, ಹೆಂಗ ಬಿತ್ರೀ ಇದು?" ಎಂದ. ಬೀದಿಯವರೆಲ್ಲ ನಮ್ಮ ಮಹಡಿಯ ಕಿಟಕಿಯತ್ತ ನೋಡಿದರು. ಅಲ್ಲಿ ಏಕತಾರಿ ಟಿಂಯ್ ಎಂದಿತು.

ಮೂರನೆಯದು ಕುರುಬರಹಳ್ಳಿಯ ನಮ್ಮ ಟೈಲರ್. ಅವರ ಹೊಲಿಗೆ ಮಿಷನ್ನಿನ ತಾಳ ಇವಳಿಗೆ ಬಹಳ ಹಿಡಿಸಿತ್ತು. ಆ ತಾಳಕ್ಕೆ ಒಂದು ಹಾಡು ಕಟ್ಟಿದಳು. ವಾರದೊಳಗೆ ಅಂಗಡಿಗೆ ಬೀಗ! ನಾನು ಹಾಸಿಗೆ ಹಿಡಿಯುವುದೊಂದು ಬಾಕಿ. ಆಮೇಲೆ ನೋಡಿದರೆ ಆ ಮನುಷ್ಯ ಗುಂಡುಕಲ್ಲಿನ ಹಾಗಿದ್ದಾರೆ, ಮಗಳ ಬಾಣಂತನವೆಂದು ತುಮಕೂರಿಗೆ ಹೋಗಿ ಅಲ್ಲೇ ನಿಂತಿದ್ದಾರೆ. ಆದರೆ ನಮ್ಮ ಬೀದಿಗೆ ಅಷ್ಟೊಂದು ವಿವರ ಬೇಕಿರಲಿಲ್ಲ. "ಟೈಲರ್ ಹೋದ್ರಂತೆ" ಎಂಬುದಷ್ಟೇ ಸಾಕಾಗಿತ್ತು. ನನ್ನ ಮೂರು ಬ್ಲೌಸ್ ಪೀಸುಗಳು ಬೀಗದ ಹಿಂದೆಯೇ ಇವೆ. ಅವಕ್ಕೆ ಅಳುವವರು ಯಾರು?

ಅಲ್ಲಿಂದ ಶುರುವಾಯಿತು. ಎದುರು ಮನೆಯ ಬಾಲ್ಕನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಬಂದವು. ಸೊಪ್ಪಿನವಳು ಗಾಡಿಯನ್ನು ನಮ್ಮ ಗೇಟಿನಿಂದ ಎರಡು ಮನೆ ಆಚೆ ನಿಲ್ಲಿಸಿ ನನ್ನನ್ನೇ ಅಲ್ಲಿಗೆ ಕರೆಯುತ್ತಾಳೆ. "ಅಕ್ಕಾ, ನನ್ನ ಕೂಗು ಚೆನ್ನಾಗೈತೆ ಅಂದ್ರಂತೆ ನಿಮ್ಮ ಹುಡ್ಗಿ. ನನ್ನ ಮ್ಯಾಲ್ ಮಾತ್ರ ಏನೂ ಬರೀಬ್ಯಾಡಿ ಅಂತ ಏಳಕ್ಕಾ. ಇನ್ನೂ ಇಬ್ರು ಹೆಣ್ಮಕ್ಳ ಮದ್ವೆ ಐತೆ." ನಮ್ಮ ಯಜಮಾನರು ಸ್ಕೂಟರ್ ಸ್ಟಾರ್ಟ್ ಮಾಡುವ ಮುಂಚೆ ಅವಳು ಮನೆಯಲ್ಲಿದ್ದಾಳೆಯೇ ಎಂದು ನೋಡಿಕೊಂಡು, ಇದ್ದರೆ ಬೀದಿ ಕೊನೆಯವರೆಗೆ ತಳ್ಳಿಕೊಂಡು ಹೋಗುತ್ತಾರೆ. ಅದರ ಸದ್ದು ಅವಳ ಕಿವಿಗೆ ಬೀಳಬಾರದಲ್ಲ!

ಎಲ್ಲರೂ ಹೆದರಿದರು ಎನ್ನಲಾರೆ. ಪಕ್ಕದ ಮನೆಯಾಕೆ ಒಂದು ದಿನ ಒಬ್ಬಟ್ಟು ತಂದುಕೊಟ್ಟು, ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿದರು. "ನಮ್ಮ ಓರಗಿತ್ತಿ ಫೋಟೋ ಕೊಡ್ಲಾ? ಪೂರ್ತಿ ಹಾಡೇನ್ ಬೇಡಮ್ಮ. ಒಂದೇ ಒಂದು ಚರಣ ಸಾಕು."

ಇಷ್ಟೆಲ್ಲ ಆಗುತ್ತಿರುವಾಗ ನಮ್ಮ ಅತ್ತೆ ಒಂದು ಮಧ್ಯಾಹ್ನ ಮೊಮ್ಮಗಳನ್ನು ಕರೆದು, "ನಂದು ಬರಿ," ಎಂದರು.

ನನ್ನ ಕೈಯಲ್ಲಿದ್ದ ಸೌಟು ಬಿತ್ತು. ಯಜಮಾನರು ಪೇಪರು ಬಿಟ್ಟು ಓಡಿ ಬಂದರು. "ಅಮ್ಮಾ, ಏನಿದು? ಬೇಡ. ಬೇರೆ ಏನಾದ್ರೂ ಕೇಳಮ್ಮ."

"ಯಾಕೋ? ಮಿಕ್ಸಿಗೊಂದು ಹಾಡು, ನಂಗಿಲ್ವಾ?"

"ಅದಲ್ಲಮ್ಮ..."

"ಏನದಲ್ಲ? ನಾನ್ ಹೋದಾಗ ಈ ಲೇಔಟಲ್ಲಿ ಯಾರಿಗೋ ಅಳಕ್ ಬರತ್ತೆ? ನೀನು ಫೋನ್ ಹಿಡ್ಕೊಂಡು ಆ ಕಡೆ ಈ ಕಡೆ ಓಡಾಡ್ತೀಯ. ನಿನ್ನ ಹೆಂಡ್ತಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೋತಾಳೆ. ನನ್ನ ಮಗಳನ್ನ ಹೇಗೂ ಸುಮ್ನೆ ಕಳಿಸಿದ್ದಾಯ್ತು. ನನ್ನ ಹಾಗೆ ಕಳಿಸ್ಬೇಡಿ."

ಹುಡುಗಿ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು, ತಲೆ ಓರೆ ಮಾಡಿ. ಆಮೇಲೆ, "ಆಯ್ತು ಅಜ್ಜಿ," ಎಂದಳು.

ದಿನಾ ಮೂರು ಗಂಟೆಗೆ ಕಾಫಿಯ ಜೊತೆ ಕೆಲಸ ನಡೆಯಿತು. ಅವಳು ಒಂದು ನುಡಿ ಬರೆದು ಓದುವುದು, ಅತ್ತೆ ತಿದ್ದುವುದು. ತಮ್ಮ ಸಾವಿನ ಹಾಡನ್ನು ತಾವೇ ಇಷ್ಟು ಹುರುಪಿನಿಂದ ತಿದ್ದಿದವರನ್ನು ನಾನು ಕಂಡಿಲ್ಲ!

"ಇದೇನೇ, 'ನಿನ್ನ ಕೈಯ ಸಾರಿಗೆ ಊರೇ ಸೋತಿತ್ತು' ಅಂತ ಬರ್ದಿದೀಯ? ತೆಗಿ ತೆಗಿ. ನಂಗೆ ಸಾರು ಮಾಡಕ್ ಬರಲ್ಲ ಅಂತ ನಂಟರಿಗೆಲ್ಲ ಗೊತ್ತು. ಸುಳ್ಳು ಹೇಳ್ಕೊಂಡು ಅತ್ತರೆ ಹೆಣ ಎದ್ದು ಕೂತ್ಕೊಳತ್ತೆ."

"ಮತ್ತೆ ಏನು ಬರೀಲಿ?"

"ಜಗಳ ಚೆನ್ನಾಗಾಡ್ತಿದ್ಲು ಅಂತ ಬರಿ. ನಿಜ ಬರಿ."

ಮಧ್ಯಾಹ್ನದ ಆ ಹೊತ್ತಿನಲ್ಲಿ ನಮ್ಮ ಬೀದಿ ಉಸಿರು ಹಿಡಿದಂತೆ ಇರುತ್ತದೆ. ಬದುಕಿರುವವರ ಎದುರು ಕೂತು, "ಹೊಸಿಲು ದಾಟಿ ಹೋದೆಯಲ್ಲ, ಕಾಲುಹೆಜ್ಜೆ ಬಿಟ್ಟೆಯಲ್ಲ" ಎಂದು ಆ ಪರಿಚಯವಿಲ್ಲದ ದನಿ ಏಳುವುದು, ಯಾರ ಮೇಲೆ ಹಾಡುತ್ತಿದ್ದಾಳೋ ಅವರೇ ಕಾಫಿ ಹೀರುತ್ತಾ ತಲೆದೂಗುವುದು, ಒಳಗೆ ಕಂಚಿನ ಲೋಟ ಗುಂಯ್ ಎನ್ನುವುದು. ನಾನು ಅತ್ತೆಯ ಪಾದದ ಕಡೆ ನೋಡುತ್ತಿದ್ದೆ. ದಿನಾ ನೋಡುತ್ತಿದ್ದೆ. ಬೆರಳುಗಳು ಅಲ್ಲಾಡಿದರೆ ಸಮಾಧಾನ. ಅವರಿಗೆ ಕೆಮ್ಮು ಬಂದರೂ ಯಜಮಾನರು ಡಾಕ್ಟರಿಗೆ ಫೋನ್ ಮಾಡುತ್ತಿದ್ದರು.

ಒಂದು ದಿನ ಅತ್ತೆ, "ಕೂತ್ಕೊಂಡು ಹಾಡಿದ್ರೆ ಆಗಲ್ಲ, ಎದ್ದು ಜಗಲಿಗೆ ಹೋಗಿ ಹಾಡು. ಬೀದಿಗೆ ಕೇಳತ್ತಾ ನೋಡೋಣ," ಎಂದು ತಾವು ಒಳಗೆ ಮಲಗಿದರು. ಬೀದಿಗೆ ಕೇಳಿಸಿತು. ಬಹಳ ಚೆನ್ನಾಗಿ ಕೇಳಿಸಿತು. ನಾನು ಹಿಂದಿನ ಅಂಗಳದಲ್ಲಿ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಮುಂಬಾಗಿಲಲ್ಲಿ ಹದಿನೈದು ಜನ! ಎದುರು ಮನೆ ಅಂಕಲ್ ಬಿಳಿ ಪಂಚೆ ಉಟ್ಟು ಬಂದಿದ್ದಾರೆ. ಪಕ್ಕದ ಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಾರೆ. ಯಾರೋ ಆಗಲೇ ಸೇವಂತಿಗೆ ಹಾರ ತಂದಿದ್ದಾರೆ. ನನ್ನನ್ನು ಕಂಡವರೇ, "ಯಾವಾಗಮ್ಮ?" ಎಂದರು.

ಗದ್ದಲಕ್ಕೆ ಅತ್ತೆ ಸ್ವೆಟರ್ ಹಾಕಿಕೊಂಡು ಎದ್ದು ಬಂದು ಬಾಗಿಲಲ್ಲಿ ನಿಂತರು. "ಯಾರಪ್ಪ ಹೋಗಿದ್ದು?"

ಪಕ್ಕದ ಮನೆಯಾಕೆ ಕಿಟಾರನೆ ಕಿರುಚಿ ಅಂಕಲ್ಲಿನ ತೋಳು ಹಿಡಿದರು. ಅಂಕಲ್ ಗೇಟು ಹಿಡಿದರು. ಅತ್ತೆ ನಿಧಾನವಾಗಿ ಎಲ್ಲರ ಮುಖ ನೋಡಿ, ವಿಷಯ ಅರ್ಥ ಮಾಡಿಕೊಂಡು, ಹಾರವನ್ನು ಕೈಗೆ ತೆಗೆದುಕೊಂಡರು.

"ಸೇವಂತಿಗೇನಾ? ಮಲ್ಲಿಗೆ ಸಿಗ್ಲಿಲ್ವಾ?" ಆಮೇಲೆ ಅಂಕಲ್ಲಿನ ಕಡೆ ತಿರುಗಿ, "ನಿಜ ಹೇಳಪ್ಪ. ಹಾಡು ಕೇಳಿ ಅಳು ಬಂತಾ?"

"ಬಂತು ತಾಯಿ," ಎಂದರು ಅಂಕಲ್. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಹಾಗಾದ್ರೆ ಸರಿ. ಎಲ್ರೂ ಕೂತ್ಕೊಳಿ, ಕಾಫಿ ಕುಡ್ಕೊಂಡ್ ಹೋಗಿ."

ಹದಿನೈದು ಲೋಟ ಕಾಫಿ ಮಾಡಿದವಳು ನಾನು. ತಮ್ಮದೇ ಸಾವಿಗೆ ಬಂದವರನ್ನು ಉಪಚರಿಸಿ ಕಳಿಸಿದವರು ಈ ಬೀದಿಯಲ್ಲಿ ಅವರೊಬ್ಬರೇ.

ಹೀಗೆ ಹಾಡು ಬೆಳೆಯಿತು. ಉಳಿದದ್ದು ಕೊನೆಯ ನುಡಿ. ಅದಕ್ಕೊಂದು ಪದ್ಧತಿಯಿದೆ ಎಂದು ಅತ್ತೆ ಹೇಳಿದರು. ಮಾಗಡಿ ಕಡೆಯ ಅವರ ಹುಟ್ಟೂರಿನಲ್ಲಿ ಹೆಣವನ್ನು ಬರಿಗೈಯಲ್ಲಿ ಕಳಿಸುವುದಿಲ್ಲವಂತೆ. ಅತ್ತು ಅತ್ತು ಕೊನೆಗೆ, ಮೊದಲೇ ಹೋದವರಿಗೆ ಒಂದು ಮಾತು ಹೇಳಿ ಕಳಿಸುತ್ತಾರಂತೆ. "ನೀ ಹೋಗ್ತೀಯ, ನಮ್ಮಪ್ಪ ಸಿಗ್ತಾನೆ, ಹಸು ಕರು ಹಾಕ್ತು ಅಂತ ಹೇಳು," ಎಂದು. "ನಾನು ಹೋಗ್ತೀನಲ್ಲ, ನನ್ನ ಕೈಲಿ ಏನ್ ಹೇಳಿ ಕಳಿಸ್ತೀಯೋ ಅದನ್ನ ಬರಿ," ಎಂದರು ಮೊಮ್ಮಗಳಿಗೆ.

ಅಲ್ಲಿಗೆ ಹಾಡು ನಿಂತಿತು. ಮಿಕ್ಸಿಗೆ ಅರ್ಧ ಗಂಟೆಯಲ್ಲಿ ಬರೆದವಳು ಹದಿನೈದು ದಿನ ಪುಸ್ತಕ ಬಿಚ್ಚಿಕೊಂಡು ಕೂತಳು. ನಾನು ಕೋಣೆ ಗುಡಿಸುವಾಗ ಇಣುಕಿ ನೋಡಿದೆ. ಹಾಳೆ ಖಾಲಿ. ಪೆನ್ನಿನ ತುದಿ ಊರಿ ಊರಿ ಒಂದೇ ಜಾಗದಲ್ಲಿ ಸಣ್ಣ ತೂತಾಗಿತ್ತು.

ಹೋದ ತಿಂಗಳು ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಫ್ಯಾನು, ಫ್ರಿಜ್ಜು ಎಲ್ಲ ನಿಂತು ಮನೆ ನೀರಿನೊಳಗೆ ಮುಳುಗಿದ ಹಾಗಿತ್ತು. ನಾನು ನಡುಮನೆಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಿದ್ದೆ. ಹುಡುಗಿ ಅಲ್ಲೇ ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಕೂತು ಏಕತಾರಿಯ ತಂತಿ ಬಿಗಿ ಮಾಡುತ್ತಿದ್ದಳು.

"ಎಲ್ಲಿಗ್ ಬಂತೇ ನನ್ನ ಹಾಡು?"

"ಒಂದು ನುಡಿ ಬಾಕಿ ಅಜ್ಜಿ."

"ಯಾಕ್ ಬರ್ತಿಲ್ಲ? ಯಾರಿಗ್ ಹೇಳಿ ಕಳಿಸ್ಬೇಕು ಅಂತ ಗೊತ್ತಿಲ್ವಾ?"

ತಂತಿ ತಿರುಚುವ ಕೈ ನಿಂತಿತು. "ಗೊತ್ತು."

"ಹಾಗಾದ್ರೆ ಹಾಡ್ಬೇಡ, ಬರೀಬೇಡ. ಸುಮ್ನೆ ಹೇಳು. ಆಮೇಲೆ ಹೆಣದ ಕಿವೀಲಿ ಹೇಳಿದ್ರೆ ಕೇಳತ್ತೋ ಇಲ್ವೋ. ಈಗ ಕೂತಿದೀನಲ್ಲ, ಈಗ್ಲೇ ಕೇಳಿಸ್ಕೊಂಡಿರ್ತೀನಿ."

ನನ್ನ ಬೆರಳಿನಿಂದ ಒಂದು ಕಾಳು ಜಾರಿ ನೀರಿಗೆ ಬಿದ್ದದ್ದು ಕೇಳಿಸಿತು.

"ಅಮ್ಮಂಗೆ ಹೇಳು," ಎಂದಳು. ಹಾಡಿನ ದನಿಯಲ್ಲ, ಅವಳದೇ ಸಣ್ಣ ದನಿ. "ಆವತ್ತು ಗೇಟಿನ ಹತ್ರ ಅಳಕ್ಕೇ ಬರ್ಲಿಲ್ಲ ಅಂತ ಹೇಳು. ಆಮೇಲೂ ಬರ್ಲಿಲ್ಲ. ಕಲೀತಾ ಇದೀನಿ. ಎಲ್ಲಾ ಅಜ್ಜಿಯರ ಹತ್ರ ಹೋಗಿ ಕೇಳ್ಕೊಂಡು, ಸಿಕ್ಕಿದ್ದಕ್ಕೆಲ್ಲ ಅತ್ತು ಕಲೀತಾ ಇದೀನಿ. ಚೆನ್ನಾಗಿ ಬಂದ್ಮೇಲೆ ಅವಳದ್ದು ಹಾಡ್ತೀನಿ. ಅಲ್ಲೀವರ್ಗೂ ಬೇಜಾರ್ ಮಾಡ್ಕೋಬೇಡ ಅಂತ ಹೇಳು."

ಅತ್ತೆಯ ತುಟಿ ಅಲುಗುತ್ತಿತ್ತು. ಶಾಲೆಯ ಮಕ್ಕಳು ಪದ್ಯ ಬಾಯಿಪಾಠ ಮಾಡುವ ಹಾಗೆ ಒಂದೊಂದೇ ಮಾತನ್ನು ಒಳಗೇ ಹೇಳಿಕೊಳ್ಳುತ್ತಿದ್ದರು. ನಡುವೆ ಎಲ್ಲೋ ತಪ್ಪಿತು. ತಲೆ ಅಲ್ಲಾಡಿಸಿದರು.

"ಉದ್ದ ಆಯ್ತು ಕಣೇ. ಬೆಳಿಗ್ಗೆ ಕಾಫಿ ಕುಡಿದ್ನಾ ಇಲ್ವಾ ಅನ್ನೋದೇ ನಂಗೆ ನೆನಪಿರಲ್ಲ. ಚಿಕ್ಕದು ಮಾಡು."

"ಕಲೀತಾ ಇದೀನಿ, ಬೇಜಾರ್ ಮಾಡ್ಕೋಬೇಡ."

"ಇನ್ನೂ ಚಿಕ್ಕದು."

"ಬೇಜಾರ್ ಮಾಡ್ಕೋಬೇಡ ಅಮ್ಮ."

"ಇನ್ನೂ."

ಅವಳು ಅಜ್ಜಿಯ ಮುಖ ನೋಡಿದಳು.

"ಅಮ್ಮಾ," ಎಂದಳು.

ಸ್ಕೂಲಿನಿಂದ ಬಂದ ಮಕ್ಕಳು ಬೂಟು ಬಿಚ್ಚುತ್ತಾ ಒಳಮನೆಯಲ್ಲಿರುವ ತಾಯಿಯನ್ನು ಕೂಗುತ್ತಾರಲ್ಲ, ಹಾಗೆ ಕೂಗಿದಳು. ಉತ್ತರಕ್ಕೆ ಕಾದವಳ ಹಾಗೆ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಅಳು ಬಂತು. ಎಂಥ ಅಳು! ರಾಗವಿಲ್ಲ, ತಾಳವಿಲ್ಲ, ಒಂದು ಸ್ವರ ನೆಟ್ಟಗಿಲ್ಲ. ಮೂಗು ಸುರಿದು, ಬಿಕ್ಕಳಿಕೆ ಬಂದು, ಏಕತಾರಿ ಉರುಳಿ ಬಾಗಿಲವರೆಗೆ ಹೋಯಿತು. ಅತ್ತೆ ಬಾಗಿ ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಕಿವಿಯ ಹಿಂದಿನ ಕೂದಲು ಸರಿಮಾಡಿದರು.

"ಇದು ನೆನಪಿರತ್ತೆ," ಎಂದರು. "ಇಷ್ಟೇ ಹೇಳ್ತೀನಿ."